ಪೆಡಲಿಗೊಂದು ಜೊತೆ

ನನ್ನ ತಮ್ಮನಿಗೆ ಕೂಡಿಬಂದಿದ್ದ ಮದುವೆಯನ್ನು ಕೆಡಿಸಿದವಳು ನಾನೇ. ಊರಿನವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜಗಳ ಆಡಿ ಕೆಡಿಸಿದ್ದಲ್ಲ, ಚಾಡಿ ಹೇಳಿ ಕೆಡಿಸಿದ್ದೂ ಅಲ್ಲ. ಮಟಮಟ ಮಧ್ಯಾಹ್ನ ಕಂಬಕ್ಕೆ ಒರಗಿ ತೂಕಡಿಸುತ್ತಾ, ಕಣ್ಣು ಕೂಡ ಬಿಡದೆ, ಒಂದೇ ಒಂದು ಮಾತಿನಲ್ಲಿ ಕೆಡಿಸಿದೆ. ನನ್ನ ಹೆಸರು ಚೆಲುವಾಜಮ್ಮ. ಊರಿನವರಿಗೆ ಚೆಲುವಕ್ಕ. ನನ್ನ ಬಾಯಿಯಷ್ಟು ಚುರುಕಾದ ಬಾಯಿ ಈ ಊರಿನಲ್ಲಿ ಇನ್ನೊಂದಿಲ್ಲ ಅಂತ ಎಲ್ಲರೂ ಒಪ್ಪುತ್ತಾರೆ. ಆ ಬಾಯಿಯೇ ನನಗೆ ಮುಳುವಾಯಿತು ನೋಡಿ.

ನಮ್ಮೂರಿನಲ್ಲಿ ಯಾರಾದರೂ ಒಂದು ಇಂಗ್ಲಿಷ್ ಮಾತು ಆಡಿದರೆ ಅವರ ಕಾಲು ನಿಂತಲ್ಲೇ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಇನ್ನೊಬ್ಬರು ಅದಕ್ಕೆ ಪ್ರಾಸ ಕೂಡುವ ಬೇರೊಂದು ಇಂಗ್ಲಿಷ್ ಮಾತು ಹೇಳಿದರೆ ಬಿಡುತ್ತದೆ. ಇದಕ್ಕೆ ನಾವು ಜೊತೆ ಕೊಡುವುದು ಅನ್ನುತ್ತೇವೆ. ತನಗೆ ತಾನೇ ಜೊತೆ ಕೊಟ್ಟುಕೊಳ್ಳುವ ಹಾಗಿಲ್ಲ. ಇಲ್ಲದ ಮಾತನ್ನು ಹುಟ್ಟಿಸಿಕೊಂಡು ಹೇಳಿದರೆ ನೆಲ ಒಪ್ಪುವುದಿಲ್ಲ. ಜೊತೆ ಕೂಡಿದ ಮಾತು ಯಾರನ್ನೂ ಹಿಡಿಯುವುದಿಲ್ಲ, ಹೇಳಿದವರನ್ನೂ ಇಲ್ಲ, ಬಿಡಿಸಿದವರನ್ನೂ ಇಲ್ಲ. ಹೊಸಬರು ಬಸ್ಸಿಳಿದು, "ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?" ಅಂತ ಕೇಳಿ, ಒಂದು ಕಾಲು ಎತ್ತಲು ಹೋಗಿ ಮುಗ್ಗರಿಸಿ ಗಾಬರಿಯಾಗುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಯಾರೋ "ಮೋಟೆಲ್" ಅಂದು, ತಿರುಗಿಯೂ ನೋಡದೆ ಹೋಗುತ್ತಾರೆ. ಟೀ ಬೇಕು ಅಂದವನಿಗೆ ಅಂಗಡಿಯವನು "ಕೀ" ಅಂತ ಹೇಳಿಯೇ ಲೋಟ ಕೈಗಿಡುವುದು. ಮದುವೆಮನೆಯಲ್ಲಿ ಫೋಟೋ ತೆಗೆಯುವವನು "ಸ್ಮೈಲ್" ಅಂದರೆ ನೆಂಟರೆಲ್ಲ ಒಟ್ಟಿಗೆ "ಮೈಲ್" ಅನ್ನುತ್ತಾರೆ, ಅದಕ್ಕೇ ನಮ್ಮೂರಿನ ಮದುವೆಯ ಪಟಗಳಲ್ಲಿ ಎಲ್ಲರ ಬಾಯಿಯೂ ತೆರೆದಿರುತ್ತದೆ.

ಒಮ್ಮೆ ಹಿರಿಯರೆಲ್ಲ ಸೇರಿ, ಈ ರಗಳೆಯೇ ಬೇಡ, ಇನ್ನು ಮುಂದೆ ಯಾರೂ ಇಂಗ್ಲಿಷ್ ಮಾತೇ ಆಡಕೂಡದು ಅಂತ ತೀರ್ಮಾನ ಮಾಡಿದರು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಆ ತೀರ್ಮಾನ ಮಾಡಿದ ನಾಗಪ್ಪಯ್ಯನವರೇ ಕಟ್ಟೆಯ ಮೇಲೆ ಎದ್ದು ನಿಂತು, "ಎಲ್ಲರೂ ಈ ಮೀಟಿಂಗಿಗೆ..." ಅಂದು ನಿಂತೇಬಿಟ್ಟರು. ಹಿಂದಿನ ಸಾಲಿನಿಂದ ಯಾರೋ "ಚೀಟಿಂಗ್" ಅಂದು ಅವರನ್ನು ಬಿಡಿಸಿದರು. ಆ ಯಾರೋ ನಾನೇ ಅಂತ ಅವರಿಗೆ ಇವತ್ತಿಗೂ ಗುಮಾನಿ ಇದೆ. ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ.

ನನ್ನ ತಮ್ಮನ ಹೆಸರು ಕರಿಗಿರಿ. ಸೈಕಲ್ ಅಂಗಡಿ ಅವನದು, ಅಪ್ಪನ ಕಾಲದ್ದು. ನನ್ನ ಗಂಡ ತೀರಿಕೊಂಡು ನಾನು ತವರಿಗೆ ಬಂದಾಗ ಅವನಿಗೆ ಹದಿನಾರು. ಅಮ್ಮ ಆಗಲೇ ಇರಲಿಲ್ಲ, ವರ್ಷ ತುಂಬುವುದರೊಳಗೆ ಅಪ್ಪನೂ ಹೋದ. ಅಂಗಡಿ ನಡೆಸಬೇಕು, ಆದರೆ ಹುಡುಗನಿಗೆ ಕೈ ಓಡಿದ ಹಾಗೆ ಬಾಯಿ ಓಡದು. ಸೈಕಲ್ ಅಂಗಡಿಯಲ್ಲಿ ಬಾಯಿಬಿಟ್ಟರೆ ಇಂಗ್ಲಿಷೇ. ಗಳಿಗೆಗೊಮ್ಮೆ ಕಾಲು ಕಚ್ಚಿಕೊಂಡರೆ ಗಾಳಿ ಹಾಕುವವರು ಯಾರು? ಅವತ್ತು ಅಂಗಡಿಯ ಹಿಂಬದಿಗೆ ಒಂದು ಮಣೆ ಹಾಕಿಕೊಂಡು ಕೂತವಳು ಮೂವತ್ತು ವರ್ಷ ಎದ್ದಿಲ್ಲ. ಹುರುಳಿಕಾಯಿ ಮುರಿಯುತ್ತಾ, ಅಕ್ಕಿ ಆರಿಸುತ್ತಾ ಜೊತೆ ಕೊಡುವುದೇ ನನ್ನ ಕೆಲಸ. ಅವನು ಚೈನು ಅಂದರೆ ನಾನು ರೈನು. ಅವನು ಬ್ರೇಕು, ನಾನು ಕೇಕು. ಅವನು ಪಂಪು, ನಾನು ಜಂಪು. ಅವನು ಸೈಕಲ್ ಅಂದರೆ ನಾನು ಮೈಕಲ್. ಈ ಮೈಕಲ್ ಯಾರು, ಯಾವ ಊರಿನವನು, ನನಗೆ ಗೊತ್ತಿಲ್ಲ, ದಿನಕ್ಕೆ ನೂರು ಸಲ ಹೆಸರು ಕರೆದು ಕರೆದು ಅವನೂ ನಮ್ಮ ಮನೆಯವನೇ ಆಗಿಬಿಟ್ಟಿದ್ದಾನೆ.

ಇಂಗ್ಲಿಷ್ ಓದಲು ನನಗೆ ಒಂದಕ್ಷರವೂ ಬಾರದು. ಎಲ್ಲಾ ಕಿವಿಯಲ್ಲಿ ಬಂದದ್ದು. ಆದರೆ ಮಾತು ಕಿವಿಗೆ ಬೀಳುವುದೇ ತಡ, ಬಾಯಿ ತಾನೇ ಓಡುತ್ತದೆ, ನಾನು ಯೋಚನೆ ಮಾಡಬೇಕಾಗಿಯೇ ಇಲ್ಲ. ಕರಿಗಿರಿ ಮಾತ್ರ ಹುಟ್ಟಿದಾಗಿನಿಂದ ಒಬ್ಬರಿಗೂ ಜೊತೆ ಕೊಟ್ಟವನಲ್ಲ. ಗಿರಾಕಿ ಎದುರಿಗೆ ಕಾಲು ಕಚ್ಚಿಕೊಂಡು ನಿಂತಿದ್ದರೂ, "ಅಕ್ಕಾ, ಇವರಿಗೊಂದು ಕೊಡು" ಅನ್ನುತ್ತಿದ್ದ. ನನಗೆ ಅದು ಹೆಮ್ಮೆಯೇ ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಹೀಗೆ ಅವನಿಗೆ ನಲವತ್ತಾರು ಆಯಿತು. ನೋಡಿದ ಹೆಣ್ಣುಗಳೆಲ್ಲ ಯಾವುದೋ ಒಂದಕ್ಕೆ ತಪ್ಪಿಹೋದವು, ಆಮೇಲೆ ನೋಡುವುದೂ ನಿಂತಿತು. ಅಷ್ಟರಲ್ಲಿ ಈ ಇಂದ್ರಾಣಿ. ಕೆರೆಬೀದಿಯಲ್ಲಿ ರವಿಕೆ, ಲಂಗ ಹೊಲಿದುಕೊಂಡಿರುವವಳು, ನಲವತ್ತರ ಆಚೀಚೆ. ಹನ್ನೊಂದು ವರ್ಷದ ಹಿಂದೆ ಕಾಯಿಲೆಯ ತಾಯಿಯನ್ನು ಕರೆದುಕೊಂಡು ಈ ಊರಿಗೆ ಬಂದಳು. ತಾಯಿ ಹೋದ ಮೇಲೂ ಇಲ್ಲೇ ಉಳಿದಳು. ಮದುವೆ ಯಾಕಾಗಲಿಲ್ಲಮ್ಮಾ ಅಂತ ಕೇಳಿದವರಿಗೆ, "ಸೂಜಿಗೆ ದಾರ ಪೋಣಿಸೋದರಲ್ಲೇ ಹೊತ್ತಾಗಿಹೋಯ್ತು" ಅನ್ನುವಳು. ಎಲ್ಲದರಲ್ಲೂ ನಿಧಾನ. ಜೊತೆ ಕೊಡುವುದರಲ್ಲಂತೂ ಕೇಳಲೇಬೇಡಿ. ಅವಳ ಮುಂದೆ ಕಾಲು ಕಚ್ಚಿಕೊಂಡವರು ಒಂದು ಎಲೆಯಡಿಕೆ ಹಾಕಿ ಮುಗಿಸಬಹುದು. ಆದರೆ ಕೊಟ್ಟಾಗ ಯಾರೂ ಕೇಳಿರದಂಥ ಜೊತೆ ಕೊಡುತ್ತಿದ್ದಳು, ಜನ ಅದನ್ನು ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು.

ಅವಳ ಹೊಲಿಗೆ ಯಂತ್ರದ ಪಟ್ಟಿ ಹರಿದಾಗಲೆಲ್ಲ ಕರಿಗಿರಿ ಹೋಗಿ ಹಾಕಿಕೊಟ್ಟು ಬರುತ್ತಿದ್ದ. ಒಂದು ವರ್ಷದಲ್ಲಿ ಒಂಬತ್ತು ಸಲ ಹರಿಯಿತು. ಚರ್ಮದ ಪಟ್ಟಿ ಅಷ್ಟು ಸಲ ಹರಿಯುತ್ತದೆಯೇ? ನನಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಅನ್ನ ಬಡಿಸುತ್ತಾ ಕೇಳಿಯೇಬಿಟ್ಟೆ. "ಏನೋ ಕರಿಗಿರಿ, ಕಾಯಿ ಹಿಡಿದು ನಿಲ್ತೀಯೇನೋ?"

ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು, "ನಿಲ್ಲಲಾ ಅಕ್ಕ?" ಅಂದ. ನಲವತ್ತಾರು ವರ್ಷದ ಗಂಡಸಿನ ಮುಖದಲ್ಲಿ ಅಷ್ಟು ಆಸೆ, ಅಷ್ಟು ಹೆದರಿಕೆ ಎರಡೂ ಒಟ್ಟಿಗೆ ನಾನು ನೋಡಿರಲಿಲ್ಲ. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಕಾಯಿ ಹಿಡಿದು ನಿಲ್ಲುವುದು ನಮ್ಮೂರಿನ ಪದ್ಧತಿ. ಮದುವೆ ಆಗಬೇಕೆನ್ನುವವನು ಕೈಯಲ್ಲಿ ಒಂದು ತೆಂಗಿನಕಾಯಿ ಹಿಡಿದುಕೊಂಡು ಅವಳ ಬಾಗಿಲ ಮುಂದೆ ನಿಂತು ಒಂದು ಇಂಗ್ಲಿಷ್ ಮಾತು ಹೇಳಬೇಕು. ಕಾಲು ಕಚ್ಚಿಕೊಳ್ಳುತ್ತದೆ. ಅವಳೇ ಹೊರಗೆ ಬಂದು ಜೊತೆ ಕೊಟ್ಟರೆ ಒಪ್ಪಿಗೆ. ಅವಳು ಸುಮ್ಮನಿದ್ದು ಬೇರೆ ಯಾರಾದರೂ ಕೊಟ್ಟು ಬಿಡಿಸಿದರೆ ಬೇಡ ಅಂದ ಹಾಗೆ, ಅವನು ಕಾಯಿಯನ್ನು ಮೂರುದಾರಿಯ ಕಲ್ಲಿಗೆ ಒಡೆದು ಮನೆಗೆ ಹೋಗಬೇಕು. ಆ ಬಾಗಿಲಿಗೆ ಅವನು ಇನ್ನೊಂದು ಸಲ ನಿಲ್ಲುವ ಹಾಗಿಲ್ಲ, ಜೀವ ಇರುವವರೆಗೂ ಇಲ್ಲ. ಹಾಗಾಗಿ ಕಾಯಿ ಹಿಡಿದವನನ್ನು ಕಂಡರೆ ದಾರಿಹೋಕರೆಲ್ಲ ಬಾಯಿಗೆ ಕೈಯೋ ಸೆರಗೋ ಅಡ್ಡ ಹಿಡಿದುಕೊಂಡೇ ಓಡಾಡುತ್ತಾರೆ. ಅಭ್ಯಾಸ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು.

ಅವನು ಆರಿಸಿಕೊಂಡ ಮಾತು ಪೆಡಲ್. "ಅವರೂ ತುಳಿಯೋದು, ನಾನೂ ತುಳಿಯೋದು. ಇಬ್ಬರಿಗೂ ಕಾಲಿನ ಕೆಲಸ ಅಲ್ವಾ ಅಕ್ಕ" ಅಂದ. ಇಷ್ಟು ಯೋಚನೆ ಮಾಡಿದ್ದಾನಲ್ಲ ಅಂತ ನನಗೆ ಸಂತೋಷ. ಗುರುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ತೊಡಿಸಿ, ಕೈಗೆ ಕಾಯಿ ಕೊಟ್ಟು ನಾನೇ ಕರೆದುಕೊಂಡು ಹೋದೆ. ಅವನು ಇಂದ್ರಾಣಿಯ ಬಾಗಿಲ ಮುಂದೆ ನಿಂತು ಪೆಡಲ್ ಅಂದ. ನೆಲ ಹಿಡಿದುಕೊಂಡಿತು. ಇಂದ್ರಾಣಿ ಹೊರಗೆ ಬಂದಳು, ಕಾಯಿ ನೋಡಿದಳು, ಇವನ ಮುಖ ನೋಡಿದಳು. ಕಿವಿಯವರೆಗೂ ಕೆಂಪಾದಳು. "ನಿಂತಿರಿ, ಬಂದೆ" ಅಂದು ಒಳಗೆ ಹೋದಳು.

ಹೋದವಳು ಬರಲೇ ಇಲ್ಲ. ಒಳಗೆ ಪೆಟ್ಟಿಗೆ ಎಳೆದಾಡುವ ಸದ್ದು ಕೇಳುತ್ತಿತ್ತು, ಅಟ್ಟದ ಮೇಲಿಂದ ಏನೋ ಬಿದ್ದ ಸದ್ದು ಕೇಳಿತು. ಬಿಸಿಲು ಏರಿತು. ನಾನು ಇವನಿಗೆ ಮಜ್ಜಿಗೆ ಕುಡಿಸಿದೆ, ಕಾಯಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಟ್ಟೆ. ಎದುರು ಮನೆಯವರು ಕರೆದು ನನಗೆ ಊಟ ಹಾಕಿದರು. ಮುದ್ದೆ, ಸೊಪ್ಪಿನ ಸಾರು. ಉಂಡು ಅವರ ಜಗಲಿಯ ಕಂಬಕ್ಕೆ ಒರಗಿ ಕೂತೆ. ಮುದ್ದೆ ಉಂಡವಳು, ಹಿಂದಿನ ರಾತ್ರಿ ಸಂಭ್ರಮದಲ್ಲಿ ಕಣ್ಣು ಮುಚ್ಚದವಳು. ತಂಗಾಳಿ ಬೇರೆ ಬೀಸುತ್ತಿತ್ತು.

ಇವನಿಗೆ ಅಷ್ಟು ಹೊತ್ತಿಗೆ ಅನುಮಾನ ಹತ್ತಿದೆ. ತಾನು ಹೇಳಿದ್ದು ಅವಳಿಗೆ ಸರಿಯಾಗಿ ನೆನಪಿದೆಯೋ ಇಲ್ಲವೋ ಅಂತ. ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ "ಪೆಡಲ್" ಅಂದ.

"ಮೆಡಲ್" ಅಂದೆ ನಾನು.

ಕಣ್ಣು ಬಿಟ್ಟಾಗ ಅವನ ಕಾಲು ನೆಲದಿಂದ ಬಿಟ್ಟಿತ್ತು. ಬಿಟ್ಟ ಜೋರಿಗೆ ಒಂದು ಹೆಜ್ಜೆ ಹಿಂದಕ್ಕೆ ಬಂದಿದ್ದ, ಕಾಯಿ ಕೈಜಾರಿ ಚರಂಡಿಗೆ ಬಿದ್ದಿತ್ತು. ಬಾಗಿಲಲ್ಲಿ ಇಂದ್ರಾಣಿ. ತಲೆಗೆಲ್ಲ ಜೇಡರ ಬಲೆ, ಕೈಯಲ್ಲಿ ಯಾವುದೋ ಹಳೆಯ ತೆಳು ಪುಸ್ತಕ, ಮಾತಾಡಲು ಬಾಯಿ ತೆರೆದಿದ್ದಾಳೆ. ಬೀದಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಂದ್ರಾಣಿ ತೆರೆದ ಬಾಯಿ ಮುಚ್ಚಿದಳು, ಒಳಗೆ ಹೋಗಿ ಮೆಲ್ಲಗೆ ಕದ ಹಾಕಿಕೊಂಡಳು.

ಕರಿಗಿರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಬಿಳಿ ಅಂಗಿ ಬಿಚ್ಚಿ ಮಡಿಸಿಟ್ಟು, ಒಂದೇ ಒಂದು ಮಾತು ಕೇಳಿದ. "ಅಕ್ಕ, ನಿನಗೆ ಇಷ್ಟ ಇರಲಿಲ್ವಾ?"

"ಅಯ್ಯೋ, ಇತ್ತು ಕಣೋ" ಅಂದೆ. "ನನಗೆ ಇತ್ತು. ಈ ಬಾಯಿಗೆ ಗೊತ್ತಾಗಲಿಲ್ಲ." ಅವನು ಹೂಂ ಅಂದ. ನಂಬಿದನೋ ಬಿಟ್ಟನೋ ತಿಳಿಯಲಿಲ್ಲ.

ಊರು ಬಿಡುತ್ತದೆಯೇ? ತಮ್ಮನಿಗೆ ಹೆಂಡತಿ ಬಂದರೆ ಜೊತೆ ಕೊಡುವವಳು ಅವಳಾಗುತ್ತಾಳೆ, ತನ್ನ ಮಣೆ ಹೋಗುತ್ತದೆ ಅಂತಲೇ ಚೆಲುವಕ್ಕ ನಿದ್ದೆಯ ಸೋಗು ಹಾಕಿದಳು ಅಂದರು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಎರಡು ದಿನ ಎಲ್ಲರ ಮೇಲೂ ಹರಿಹಾಯ್ದೆ. ಮೂರನೆಯ ದಿನ ಸುಮ್ಮನಾದೆ. ಯಾಕೆಂದರೆ ಅದೇ ಪ್ರಶ್ನೆ ನನ್ನೊಳಗೂ ಎದ್ದಿತ್ತು. ನಿದ್ದೆಯಲ್ಲಿ ಬಂದ ಮಾತು ಎಲ್ಲಿಂದ ಬರುತ್ತದೆ? ನನಗೆ ಅವನ ಮದುವೆ ಬೇಕಿತ್ತು, ದೇವರಾಣೆ ಬೇಕಿತ್ತು. ಆದರೆ ಅವನು ಪೆಡಲ್ ಅಂದಾಗ ನಾನಲ್ಲದೆ ಇನ್ನೊಬ್ಬಳು ಉತ್ತರ ಕೊಡುವುದನ್ನು ಕೇಳಿಸಿಕೊಳ್ಳಲು ನಾನು ತಯಾರಾಗಿದ್ದೆನಾ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಅದಕ್ಕಿಂತ ಕಷ್ಟವಾದದ್ದು ಅಂಗಡಿಯಲ್ಲಿ. ಮರುದಿನದಿಂದ ಕರಿಗಿರಿ ಒಂದೇ ಒಂದು ಇಂಗ್ಲಿಷ್ ಮಾತು ಆಡಲಿಲ್ಲ. ಚೈನಿಗೆ ಸರಪಳಿ ಅಂದ, ಬೆಲ್ಲಿಗೆ ಗಂಟೆ ಅಂದ, ಬ್ರೇಕಿಗೆ ತಡೆ ಅಂದ. "ಹಿಂದಿನ ತಡೆ ಸರಿ ಮಾಡಬೇಕಾ, ಮುಂದಿನ ತಡೆಯಾ?" ಅಂತ ಗಿರಾಕಿಗಳನ್ನು ಕೇಳುತ್ತಿದ್ದ, ಅವರು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡುತ್ತಿದ್ದರು. ಸೈಕಲ್ಲಿಗೆ ಏನಂತಿದ್ದ ಗೊತ್ತೇ? "ಗಾಡಿ" ಅಂತಿದ್ದ. ನಾನು ಮಣೆಯ ಮೇಲೆ ಕೂತು ಹುರುಳಿಕಾಯಿ ಮುರಿದದ್ದೇ ಮುರಿದದ್ದು. ಬಾಯಿ ತುಂಬ ಜೊತೆಗಳು, ಕೇಳುವವರಿಲ್ಲ. ಮೈಕಲ್ ಕೂಡ ಮನೆ ಬಿಟ್ಟು ಹೋದ ಹಾಗಾಯಿತು.

ಎಂಟು ದಿನ ತಡೆದೆ. ಒಂಬತ್ತನೆಯ ದಿನ ಒಂದು ರವಿಕೆ ಕಣ ಮಡಿಲಲ್ಲಿಟ್ಟುಕೊಂಡು ಇಂದ್ರಾಣಿಯ ಮನೆಗೆ ಹೋದೆ. ಅವಳು ಯಂತ್ರದ ಮುಂದೆ ಕೂತಿದ್ದಳು. ಬನ್ನಿ ಅಂದಳು, ಕೂತುಕೊಳ್ಳಿ ಅಂದಳು, ಅಳತೆ ತೆಗೆಯಲು ಎದ್ದಳು. ನಾನು ಅವಳ ಕೈ ಹಿಡಿದುಕೊಂಡೆ. "ಅಳತೆ ಇರಲಿ ತಾಯಿ. ನಾನು ಕಾಲಿಗೆ ಬೀಳೋಕೆ ಬಂದೆ. ವಯಸ್ಸಿನಲ್ಲಿ ದೊಡ್ಡವಳು, ಬಿದ್ದರೆ ನಿನಗೆ ಪಾಪ ಬರುತ್ತೆ, ಅದಕ್ಕೆ ಬೀಳ್ತಿಲ್ಲ. ಬಿದ್ದೆ ಅಂತಲೇ ತಿಳ್ಕೋ."

ಅವಳು ನಕ್ಕಳು. ಎಂಟು ದಿನದ ಮೇಲೆ ನನ್ನನ್ನು ನೋಡಿ ಒಬ್ಬರು ನಕ್ಕರು, ನನಗೆ ಅಳು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತೆ. ಅವಳು ನೀರು ತಂದುಕೊಟ್ಟಳು.

"ಆದರೂ ತಾಯಿ, ಒಂದು ಕೇಳ್ತೀನಿ" ಅಂದೆ ಮೂಗು ಒರೆಸಿಕೊಂಡು. "ನೀನು ಅಷ್ಟು ಹೊತ್ತು ಯಾಕೆ ಮಾಡಿದೆ? ಆ ಮಾತಿಗೆ ಜೊತೆ ಈ ಊರಿನ ಕೂಸಿಗೂ ಗೊತ್ತು. ಬೇಕು ಅನ್ನೋ ಮನಸ್ಸಿದ್ದಿದ್ದರೆ ಹೊಸಿಲಲ್ಲೇ ಹೇಳಿ ಮುಗಿಸಬಹುದಿತ್ತಲ್ಲ."

ಇಂದ್ರಾಣಿ ಯಂತ್ರದ ಸೂಜಿಗೆ ದಾರ ಪೋಣಿಸತೊಡಗಿದಳು. ಅವಳ ನಿಧಾನ ನನಗೆ ಗೊತ್ತಿತ್ತು, ಕಾದೆ. "ಕೂಸಿಗೂ ಗೊತ್ತು, ಅದಕ್ಕೇ ಚೆಲುವಕ್ಕ" ಅಂದಳು ಆಮೇಲೆ. "ಆ ಜೊತೆ ನಿಮ್ಮದು. ಮೂವತ್ತು ವರ್ಷದಿಂದ ದಿನಾ ನೀವು ಅವರಿಗೆ ಕೊಟ್ಟಿದ್ದು. ನಾನು ಅವರ ಮನೆಗೆ ಬರೋ ದಿನ ನಿಮ್ಮ ಮಾತನ್ನೇ ಎತ್ತಿಕೊಂಡು ಬರಲಾ? ನನ್ನದು ಅಂತ ಒಂದು ಬೇಕಿತ್ತು. ನಿಮ್ಮದು ನಿಮಗೇ ಉಳೀಬೇಕಿತ್ತು."

ಯಂತ್ರದ ಪೆಟ್ಟಿಗೆಯಿಂದ ಆ ತೆಳು ಪುಸ್ತಕ ತೆಗೆದಳು. ಅವಳ ತಾಯಿಗೆ ಯಂತ್ರ ಕೊಂಡಾಗ ಜೊತೆಗೆ ಬಂದದ್ದಂತೆ, ಯಾವ ಭಾಗಕ್ಕೆ ಏನು ಹೆಸರು ಅಂತ ಚಿತ್ರ ಬರೆದಿತ್ತು. ತುಳಿಯುವ ಹಲಗೆಯ ಚಿತ್ರದ ಮೇಲೆ ಬೆರಳಿಟ್ಟಳು. ಈ ಅಕ್ಷರ ಓದಲು ನನಗೆ ಬಾರದು ಅಂದೆ. ಬಾಯಿಬಿಟ್ಟು ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ, ನನ್ನ ಬಾಯಿಯ ಮೇಲೆ ಯಾರಿಗೆ ತಾನೇ ನಂಬಿಕೆ ಉಳಿದಿತ್ತು? ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದುಕೊಂಡು ನನ್ನ ರವಿಕೆ ಕಣದ ಮೇಲೆ ಕನ್ನಡದಲ್ಲಿ ಬರೆದಳು. ಟ್ರೆಡಲ್. ನಾನು ಮನಸ್ಸಿನಲ್ಲೇ ಪೆಡಲ್ ಪಕ್ಕಕ್ಕೆ ಅದನ್ನಿಟ್ಟು ನೋಡಿದೆ. ಎಷ್ಟು ಚೆನ್ನಾಗಿ ಕೂತಿತು ಅಂತೀರಿ. ಮೂವತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಈ ಹೆಂಗಸು ನನ್ನ ಮಣೆಗೆ ಜಾಗ ಬಿಟ್ಟೇ ತನ್ನ ಜಾಗ ಹುಡುಕುತ್ತಿದ್ದಳು. ನಾನು ಅವಳ ಬಾಯಿಯ ಮಾತನ್ನು ಬಾಯಿಯಲ್ಲೇ ಉಳಿಸಿಬಿಟ್ಟೆ. "ಈಗ ಏನು ಮಾಡೋದು ತಾಯಿ" ಅಂದೆ. "ಅವನು ಇನ್ನು ನಿನ್ನ ಬಾಗಿಲಿಗೆ ನಿಲ್ಲೋ ಹಾಗಿಲ್ಲ. ನೆಲ ಬಿಟ್ಟಾಯ್ತು."

"ಅವರು ನನ್ನ ಬಾಗಿಲಿಗೆ ನಿಲ್ಲೋ ಹಾಗಿಲ್ಲ" ಅಂದಳು ಇಂದ್ರಾಣಿ, ಬಳಪವನ್ನು ಡಬ್ಬಿಗೆ ಹಾಕುತ್ತಾ. "ನಾನು ಅವರ ಬಾಗಿಲಿಗೆ ನಿಲ್ಲಬಾರದು ಅಂತ ಯಾರಾದರೂ ಹೇಳಿದಾರಾ?"

ನಾನು ಯೋಚನೆ ಮಾಡಿದೆ. ಯಾರೂ ಹೇಳಿರಲಿಲ್ಲ. ಯಾರಿಗೂ ಹೊಳೆದೇ ಇರಲಿಲ್ಲ, ಇನ್ನು ಹೇಳುವುದೆಲ್ಲಿಂದ ಬಂತು.

"ನಾಳೆ ಶನಿವಾರ, ಅಂಗಡಿ ತೆಗೆದಿರುತ್ತಲ್ವಾ?" ಅಂದಳು. "ಆದರೆ ಚೆಲುವಕ್ಕ, ನೀವು ಅಲ್ಲೇ ಇರ್ತೀರಿ."

"ಇರ್ತೀನಿ."

"ಬಾಯಿ?"

"ಹೊಲಿದುಬಿಡು ಬೇಕಾದರೆ" ಅಂದೆ. ಅವಳು ಹೊಲಿಯಲಿಲ್ಲ, ಆದರೆ ಒಂದು ಉಪಾಯ ಹೇಳಿಕೊಟ್ಟಳು.

ಶನಿವಾರ ಬೆಳಿಗ್ಗೆ ಕರಿಗಿರಿ ಒಂದು ಗಾಡಿಯನ್ನು ತಲೆಕೆಳಗೆ ನಿಲ್ಲಿಸಿಕೊಂಡು ಚಕ್ರ ತಿರುಗಿಸುತ್ತಿದ್ದ. ನಾನು ಮಣೆಯ ಮೇಲೆ. ಮೂಲೆ ತಿರುಗಿ ಇಂದ್ರಾಣಿ ಬರುವುದು ಕಂಡ ಕೂಡಲೇ ಚೊಂಬು ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡು ತುಟಿ ಬಿಗಿದೆ. ಇದೇ ಆ ಉಪಾಯ. ಅವಳು ಹಸಿರು ಸೀರೆ ಉಟ್ಟಿದ್ದಳು, ಎರಡು ಕೈಯಲ್ಲೂ ಕಾಯಿ ಹಿಡಿದಿದ್ದಳು. ಬೀದಿಯಲ್ಲಿ ಮೊದಲು ಯಾರಿಗೂ ಅರ್ಥವಾಗಲಿಲ್ಲ. ದೇವಸ್ಥಾನಕ್ಕೆ ಹೊರಟಿರಬೇಕು ಅಂದುಕೊಂಡರು. ಅವಳು ನೇರ ಅಂಗಡಿಯ ಮುಂದೆ ಬಂದು ನಿಂತು, ಉಸಿರೆಳೆದುಕೊಂಡು, "ಬಟನ್" ಅಂದಳು.

ಕೈಗಳು, ಟವಲುಗಳು, ಸೆರಗುಗಳು ಒಂದೇ ಸಲಕ್ಕೆ ಬಾಯಿಗೆ ಹೋದವು. ಕರಿಗಿರಿ ತಲೆ ಎತ್ತಿದ. ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಆ ದಾರಿಯಾಗಿ ಬಂದ ನಾಗಪ್ಪಯ್ಯನವರು ಮಾತ್ರ ಟವಲು ಸರಿಸಿ, "ಹೆಂಗಸರು ಕಾಯಿ ಹಿಡಿದು ನಿಂತದ್ದುಂಟೇನಮ್ಮ? ಇದೆಲ್ಲಿಯ ಪದ್ಧತಿ?" ಅಂದರು. ಎದುರಿನ ಮಾಂಸದಂಗಡಿಯ ಮಸ್ತಾನ್ ಸಾಬರು ತಮ್ಮ ಕಟ್ಟೆಯಿಂದಲೇ, "ಯಜಮಾನ್ರೆ, ನೆಲವೇ ಹಿಡ್ಕೊಂಡಿದೆ ನೋಡಿ. ಅದಕ್ಕಿಲ್ಲದ ತಕರಾರು ನಿಮಗ್ಯಾಕೆ?" ಅಂದರು. ನಾಗಪ್ಪಯ್ಯ ಬಗ್ಗಿ ಅವಳ ಪಾದ ನೋಡಿದರು. ಹಿಡಿದುಕೊಂಡಿದ್ದು ನಿಜ. ಅವರೂ ಟವಲು ಬಾಯಿಗಿಟ್ಟುಕೊಂಡು ಒಂದು ಪಕ್ಕಕ್ಕೆ ನಿಂತರು.

ಇನ್ನು ಉಳಿದವನು ನನ್ನ ತಮ್ಮ. ಅಭ್ಯಾಸಬಲದಿಂದ "ಅಕ್ಕಾ..." ಅಂತ ನನ್ನ ಕಡೆ ತಿರುಗಿದ. ನಾನು ಊದಿದ ಕೆನ್ನೆಯಲ್ಲೇ ತಲೆ ಅಲ್ಲಾಡಿಸಿದೆ. ಆಗ ಅವನಿಗೆ ಗೊತ್ತಾಯಿತು, ಈ ಸಲ ಕೊಡಬೇಕಾದವನು ತಾನೇ, ಕೊಟ್ಟರೆ ಮದುವೆ, ಕೊಡದಿದ್ದರೆ ಇದೂ ಹೋಯಿತು ಅಂತ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಕೈಯ ಗ್ರೀಸನ್ನು ಅಂಗಿಗೇ ಒರೆಸಿಕೊಂಡ. "ಅಟನ್" ಅಂದ. ನೆಲ ಒಪ್ಪಲಿಲ್ಲ. "ಗಟನ್" ಅಂದ. ಅಂಥದ್ದೊಂದು ಇಲ್ಲ. "ಚಟನ್" ಅಂದು ತಾನೇ ತಲೆ ಕೊಡವಿದ. ನನ್ನ ಬಾಯಿಯೊಳಗೆ ಜೊತೆ ಬಂದು ಹಲ್ಲಿಗೆ ಬಡಿಯುತ್ತಿತ್ತು. ನೀರು ಬಿಸಿಯಾಯಿತು. ಮೂಗಿನಲ್ಲಿ ಉಸಿರಾಡುತ್ತಾ, ನರಸಿಂಹಸ್ವಾಮಿ, ಇದೊಂದು ಸಲ ಈ ಬಾಯಿ ಕಟ್ಟು ಅಂತ ಬೇಡಿಕೊಂಡೆ.

ತಮಾಷೆ ಏನೆಂದರೆ ಜೊತೆ ಅವನ ಕಣ್ಣೆದುರಿಗೇ ಇತ್ತು. ಮಸ್ತಾನ್ ಸಾಬರ ಅಂಗಡಿಯ ಹಣೆಯ ಮೇಲೆ ಕೆಂಪಕ್ಷರದಲ್ಲಿ ಮಟನ್ ಸ್ಟಾಲ್ ಅಂತ ಬರೆದು ಇಪ್ಪತ್ತು ವರ್ಷ ಆಗಿದೆ. ದಿನಾ ಬೆಳಗಾದರೆ ಅದರ ಎದುರಿಗೇ ಅಂಗಡಿ ತೆಗೆಯುವವನು ಇವನು. ಇಡೀ ಬೀದಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲೇ ಆ ಕಡೆ ನೋಡುತ್ತಿದೆ. ಇವನು ಆಕಾಶ ನೋಡುತ್ತಾನೆ, ನೆಲ ನೋಡುತ್ತಾನೆ. ಸಾಬರು ಮಹಾ ಮರ್ಯಾದಸ್ಥರು. ತಾವು ಸಹಾಯ ಮಾಡಿದರು ಅಂತ ನಾಳೆ ಯಾರೂ ಅನ್ನಬಾರದು ಅಂತ ಕತ್ತಿ ಕೆಳಗಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ಬಿಸಿಲು ಇಂದ್ರಾಣಿಯ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಅಲ್ಲಾಡಲಿಲ್ಲ, ಅವಸರ ಮಾಡಲಿಲ್ಲ. ಕಾಯುವುದು ಅವಳಿಗೆ ಕಷ್ಟದ ಕೆಲಸವೇ ಅಲ್ಲ. ಕರಿಗಿರಿಗೆ ಅವಳನ್ನು ಹಾಗೆ ನಿಲ್ಲಿಸಿಕೊಂಡಿರುವುದೇ ಕಷ್ಟವಾಯಿತು. ಕಣ್ಣಲ್ಲಿ ನೀರು ಬಂತು. ಒಂದು ಹೆಜ್ಜೆ ಮುಂದೆ ಬಂದು, "ಸಾರಿ ಇಂದ್ರಾಣಿಯವರೇ, ನನಗೆ ಇದು..." ಅಂದ. ಅಂದವನು ಅಲ್ಲೇ ಕಚ್ಚಿಕೊಂಡ.

"ಲಾರಿ" ಅಂದಳು ಇಂದ್ರಾಣಿ.

ಅವನ ಮಾತು ಮುಗಿದಿರಲಿಲ್ಲ. ನಾನು ಕೂಡ ಅಷ್ಟು ಬೇಗ ಕೊಡುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಒಂದು ಎಲೆಯಡಿಕೆ ಹೊತ್ತು ತೆಗೆದುಕೊಳ್ಳುವ ಹೆಂಗಸು ಕಣ್ಣು ಮಿಟುಕಿಸುವುದರೊಳಗೆ ಕೊಟ್ಟಳು. ಕರಿಗಿರಿಯ ಕಾಲು ಬಿಟ್ಟಿತು. ಅವನು ತನ್ನ ಪಾದ ನೋಡಿಕೊಂಡ, ಅವಳನ್ನು ನೋಡಿದ. ಅವಳು ನಗುತ್ತಿದ್ದಳು. ನಿಂತಿದ್ದು ಅವಳೇ ಆದರೂ ಮೊದಲು ಕೊಟ್ಟದ್ದೂ ಅವಳೇ. ಅದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು, ಹೋದ ಮೇಲೆ ಅವನ ಹೆದರಿಕೆ ಎಲ್ಲಿ ಹೋಯಿತೋ ಕಾಣೆ. ಹೆಗಲು ಸಡಿಲವಾಯಿತು. ತಲೆ ಎತ್ತಿದ. ಎತ್ತಿದಾಗ ಅವಳ ತಲೆಯ ಮೇಲಿಂದ ಆಚೆ ಬೀದಿಯ ಕೆಂಪಕ್ಷರ ಕಂಡಿತು.

ನಮ್ಮದು ಶನಿವಾರ ಈರುಳ್ಳಿಯನ್ನೂ ಮುಟ್ಟದ ಮನೆ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ಆಡಿದ್ದಿಲ್ಲ, ನಾನು ಜೊತೆ ಕೊಡುವಾಗ ಬಿಟ್ಟರೆ. ಕರಿಗಿರಿ ಕಣ್ಣು ಮುಚ್ಚಿದ. ನರಸಿಂಹಸ್ವಾಮಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಕಟ್ಟಿದನೋ ಏನೋ. ಆಮೇಲೆ ಕಣ್ಣು ಬಿಟ್ಟು, ಇಂದ್ರಾಣಿಯನ್ನೇ ನೋಡುತ್ತಾ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ.

"ಮಟನ್."

ಇಷ್ಟು ಪ್ರೀತಿಯಿಂದ ಆ ಮಾತನ್ನು ಯಾವ ಊರಿನಲ್ಲೂ ಯಾರೂ ಹೇಳಿರಲಾರರು. ಮಸ್ತಾನ್ ಸಾಬರು ಗೋಡೆಯಿಂದ ತಿರುಗಿ ಕೈ ಎತ್ತಿದರು. ಇಂದ್ರಾಣಿಯ ಕಾಲು ಬಿಟ್ಟಿತು, ಅವಳು ಹಿಂದಕ್ಕೆ ಬರಲಿಲ್ಲ, ಎರಡು ಹೆಜ್ಜೆ ಮುಂದಕ್ಕೆ ಬಂದು ಕಾಯಿಯನ್ನು ಅವನ ಕೈಗಿಟ್ಟಳು. ಬೀದಿಯ ಬಾಯಿಗಳೆಲ್ಲ ಒಟ್ಟಿಗೆ ತೆರೆದವು. ಅಷ್ಟು ಹೊತ್ತು ತಡೆದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಕೂಗಿದರು, ನಕ್ಕರು. ನಾಗಪ್ಪಯ್ಯನವರು ಕೂಡ ನಕ್ಕರು, ಆಮೇಲೆ ನಕ್ಕೇ ಇಲ್ಲ ಅಂದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಬಾಯಿಯ ನೀರು ಅರ್ಧ ಮೂಗಿಗೆ ಹೋಯಿತು, ಅರ್ಧ ಗಾಡಿಯ ಚಕ್ರದ ಮೇಲೆ ಹೋಯಿತು.

ಕೆಮ್ಮಿ ಸುಧಾರಿಸಿಕೊಂಡು ಎದ್ದೆ. ಎದ್ದು ಬೀದಿಗಿಳಿದು, ಎಂಟು ದಿನದಿಂದ ನನ್ನನ್ನು ಆಡಿಕೊಂಡವರಿಗೆಲ್ಲ ಕೇಳುವ ಹಾಗೆ, "ಯಾರೂ ಹೋಗಬೇಡಿ, ಎಲ್ಲರಿಗೂ ಸ್ವೀಟು ತರ್ತೀನಿ" ಅಂದೆ.

ಅಂದವಳು ಕಚ್ಚಿಕೊಂಡೆ.

ಬೇರೆ ದಿನವಾಗಿದ್ದರೆ ಹತ್ತು ಬಾಯಿಂದ ಹತ್ತು ಜೊತೆ ಬಂದಿರುತ್ತಿತ್ತು. ಅವತ್ತು ಒಬ್ಬರೂ ಕೊಡಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರೂ ಸುಮ್ಮನಾದರು. ಇಂದ್ರಾಣಿಗೆ ಜೊತೆ ಗೊತ್ತಿತ್ತು, ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ಅವಳೂ ಕೊಡಲಿಲ್ಲ. ಕರಿಗಿರಿಯ ತೋಳಿಗೆ ಮೊಣಕೈಯಿಂದ ಮೆಲ್ಲಗೆ ತಿವಿದಳು ಅಷ್ಟೇ.

ಅವನು ಕಾಯಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತ. ಯೋಚನೆ ಮಾಡಿದ. ನಾನು ಅವಸರ ಮಾಡಲಿಲ್ಲ. ಅವನ ಹಿಂದೆ ತಲೆಕೆಳಗಾಗಿ ನಿಂತಿದ್ದ ಸೈಕಲ್ಲಿನ ಕಡೆ ಒಂದು ಸಲ ತಿರುಗಿ ನೋಡಿದ. ಒಂದೊಂದೇ ಭಾಗದ ಮೇಲೆ ಅವನ ಕಣ್ಣು ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒಂದು ಕಡೆ ನಿಂತಿತು.

"ಸೀಟು" ಅಂದ. ಆಮೇಲೆ, "ಸರೀನಾ ಅಕ್ಕ?" ಅಂತ ಕೇಳಿದ.

ಮೂವತ್ತು ವರ್ಷದಲ್ಲಿ ಅವನು ಎಷ್ಟು ಸಾವಿರ ಸಲ ಸೀಟು ಅಂದಿರಬೇಕು, ನಾನು ಎಷ್ಟು ಸಾವಿರ ಸಲ ಸ್ವೀಟು ಅಂದಿರಬೇಕು. ಅವತ್ತು ಆ ಜೊತೆ ನನಗೆ ಬಂತು. "ಸರಿ ಕಣೋ" ಅಂದೆ. ಕಾಲು ಬಿಟ್ಟಿತ್ತು. ಆದರೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.